ಮಾಶಾಬಿಯ ಫರಸಿ, ಡಾಕ್ಟರರ ಫಾರಸಿ

ಶಹಾಬಾದದ ಸ್ಟೇಷನ್ ರಸ್ತೆಯಲ್ಲಿ ರೇವಣಸಿದ್ದಯ್ಯ ಡಾಕ್ಟರರ ದವಾಖಾನೆ. ದವಾಖಾನೆಯ ಬಾಗಿಲಲ್ಲಿ ಒಂದು ತಿಪಾಯಿ. ತಿಪಾಯಿಯ ಮೇಲೆ ಮಾಶಾಬಿ. ತಿಪಾಯಿಗೆ ಇಂಗ್ಲಿಷಿನಲ್ಲಿ ಸ್ಟೂಲು ಎನ್ನುತ್ತಾರೆ, ನಿಜ. ಆದರೆ ದವಾಖಾನೆಯೊಳಗೆ ಆ ಮಾತಿಗೆ ಇನ್ನೊಂದು ಅರ್ಥವಿದ್ದು, ಆ ಅರ್ಥದ ವಸ್ತುವನ್ನು ಸಣ್ಣ ಡಬ್ಬಿಯಲ್ಲಿ ತರಬೇಕಾಗುವುದರಿಂದ, ಇಲ್ಲಿ ತಿಪಾಯಿ ಎಂದೇ ಹೇಳುವುದು ಕ್ಷೇಮ.

ಬಂದವರ ಮರ್ಜ್, ಅಂದರೆ ರೋಗ, ಏನೆಂದು ಡಾಕ್ಟರರು ಹೇಳುತ್ತಿದ್ದರು. ಯಾರು ಮೊದಲು ಒಳಗೆ ಹೋಗಬೇಕೆಂಬುದು ಮಾತ್ರ ಮಾಶಾಬಿಯ ಮರ್ಜಿ.

ಅವಳು ಅಲ್ಲಿಗೆ ಬಂದದ್ದು ೧೯೫೮ರಲ್ಲಿ, ಕಸ ಗುಡಿಸಲು. ಅದಕ್ಕೆ ಮೊದಲು ಎರಡು ವರ್ಷ ಅದೇ ಬಾಗಿಲಿಗೆ ಗಂಡನನ್ನು ಕರೆದುಕೊಂಡು ಓಡಾಡಿದ್ದಳು. ಗಂಡ ಸರ್ದಾರ ನೆಲಕ್ಕೆ ಹಾಸುವ ಫರಸಿಕಲ್ಲು ಪಾಲಿಶ್ ಮಾಡುವವನು. ಶಹಾಬಾದದ ಕಲ್ಲು ಹೈದರಾಬಾದಿನ ಮನೆಗಳಲ್ಲಿ ಕನ್ನಡಿಯಂತೆ ಹೊಳೆಯಿತು, ಅದರ ಪುಡಿ ಸರ್ದಾರನ ಎದೆಯಲ್ಲಿ ಕೂತಿತು. ಒಮ್ಮೆ ಬೇರೆ ಊರಿನ ದೊಡ್ಡ ದವಾಖಾನೆಗೆ ಅವನನ್ನು ಕರೆದುಕೊಂಡು ಹೋದಾಗ, ಬೆಳಿಗ್ಗೆಯಿಂದ ಸಂಜೆತನಕ ಗಂಡ ಹೆಂಡತಿ ತಪ್ಪು ಸಾಲಿನಲ್ಲಿ ನಿಂತರು. ಅದು ಕಣ್ಣಿನ ಸಾಲು. ಎದೆಯ ಸಾಲು ಗೋಡೆಯಾಚೆ. ಹೇಳುವವರು ಯಾರೂ ಇರಲಿಲ್ಲ. ಸರ್ದಾರ ತೀರಿಕೊಂಡ ಮೇಲೆ ಕಸಬರಿಗೆ ಹಿಡಿದು ಬಂದ ಮಾಶಾಬಿ, ಗುಡಿಸುತ್ತಲೇ ಬಂದವರಿಗೆಲ್ಲ ಹೇಳತೊಡಗಿದಳು. ಆರು ತಿಂಗಳಲ್ಲಿ ಕಸಬರಿಗೆ ಬೇರೆಯವರ ಕೈಗೆ ಹೋಯಿತು, ಮಾಶಾಬಿ ತಿಪಾಯಿ ಏರಿದಳು.

ಅವಳು ಹೇಳದ ವಿಷಯವಿಲ್ಲ. ಔಷಧಕ್ಕೆ ಸೀಸೆ ಮನೆಯಿಂದಲೇ ತರಬೇಕು, ಆದರೆ ಸೀಮೆಎಣ್ಣೆ ಸೀಸೆ ಆಗದು. ಮೂಸಿ ನೋಡಿ ವಾಪಸು ಕಳಿಸುತ್ತಿದ್ದಳು. ಸೀಸೆಗೆ ಅಂಟಿಸಿದ ಹಲ್ಲುಹಲ್ಲಿನ ಕಾಗದದಲ್ಲಿ ಒಂದು ಹಲ್ಲಿಗೆ ಒಂದು ಹೊತ್ತು. ಗುರುವಾರ ಡಾಕ್ಟರರು ವಾಡಿಯ ಕಾರ್ಮಿಕರ ಕ್ವಾರ್ಟರ್ಸಿಗೆ ಹೋಗುತ್ತಾರೆ, ಚಿತ್ತಾಪುರದವರು ಸುಮ್ಮನೆ ಬಂದು ಬಾಗಿಲು ನೋಡಿ ಹೋಗಬಾರದು. ಎಕ್ಸ್‌ರೇ ಬರೆದುಕೊಟ್ಟರೆ ಕಲಬುರ್ಗಿಗೆ ಯಾವ ಪ್ಯಾಸೆಂಜರು, ಇಳಿದ ಮೇಲೆ ಎಡಕ್ಕೋ ಬಲಕ್ಕೋ. ಸೇಡಮ್ಮಿನಿಂದ ಬಂದವರ ಬುತ್ತಿ ಎಲ್ಲಿಡಬೇಕು, ಬಾಣಂತಿ ಎಲ್ಲಿ ಒರಗಬೇಕು. ಎಲ್ಲಕ್ಕಿಂತ ದೊಡ್ಡ ವಿದ್ಯೆ ಬೇರೆಯಿತ್ತು. ಬಂದವರ ಕಿವಿಯ ಹತ್ತಿರ ಬಗ್ಗಿ "ಏನು ತ್ರಾಸ?" ಎಂದು ಕೇಳುವುದು, ಕೇಳಿದ್ದನ್ನು ಡಾಕ್ಟರರಿಗೆ ಮಾತ್ರ ಮುಟ್ಟಿಸುವುದು. ಹದಿನಾರು ವರ್ಷ ಊರಿನ ಮೂಲವ್ಯಾಧಿಗಳೆಲ್ಲ ಆ ಕಿವಿಯಲ್ಲಿ ಹೋದವು. ಒಂದೂ ಬಾಯಿಂದ ಬರಲಿಲ್ಲ.

ಅವಳಿಗೆ ಓದು ಬರುತ್ತಿರಲಿಲ್ಲ.

೧೯೭೪ರಲ್ಲಿ ರೇವಣಸಿದ್ದಯ್ಯನವರ ಕೈ ನಡುಗತೊಡಗಿ, ಜೊತೆಗೊಬ್ಬ ಸಣ್ಣ ಡಾಕ್ಟರರು ಬಂದರು. ಹಾಸನದ ಕಡೆಯವರು. ಕೈ ಬಹಳ ಹಗುರ, ಸೂಜಿ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ. ಕನ್ನಡ ಮಾತ್ರ ಭಾರ. ಬಾಗಿಲಲ್ಲಿ ದಿನವೂ ನಡೆಯುವ ಗದ್ದಲ ನೋಡಿ ಒಂದು ದಿನ ಅವರು ಕೇಳಿದರು.

"ಮಾಶಾಬಿಯವರೇ, ಅದನ್ನೇ ದಿನಕ್ಕೆ ಐವತ್ತು ಸಲ ಹೇಳುತ್ತೀರಲ್ಲ, ಗಂಟಲು ನೋಯುವುದಿಲ್ಲವೇ?"

"ಐವತ್ತು ಮಂದಿ ಬರ್ತಾರಲ್ರಿ ಸಾಬ್. ಒಬ್ಬರ ಕಿವ್ಯಾಗ ಹೇಳಿದ್ದು ಐವತ್ತು ಮಂದಿಗಿ ಹ್ಯಾಂಗ ಕೇಳ್ಸಬೇಕು?"

"ಅದಕ್ಕೇ ಎಲ್ಲವನ್ನೂ ಬರೆದು ಹಾಕಿಬಿಡೋಣ."

"ಓದೋರು ಯಾರ್ರಿ?"

"ಓದು ಬರುವವರು ಓದಿ, ಬಾರದವರಿಗೆ ಹೇಳುತ್ತಾರೆ."

"ಅಂದ್ರ ಕಡೀಕ ಹೇಳೋದೇ ಬಂತಲ್ರಿ!"

ಸಣ್ಣ ಡಾಕ್ಟರರು ನಕ್ಕರು, ಬಿಡಲಿಲ್ಲ. ಇಲ್ಲಿ ನಮ್ಮ ರೇವಣಸಿದ್ದಯ್ಯನವರು ಪಂಚಾಯಿತಿ ಮಾಡಿದರು. "ಎಂಟು ದಿನ ಬರಹ ಮಾತಾಡ್ಲಿ, ಮಾಶಾಬಿ ಸುಮ್ನಿರ್ಲಿ. ಬರಹ ಗೆದ್ರ ಬಾಗಿಲಿಗಿ ಬರಹ, ಮಾಶಾಬಿ ಒಳಗ ಸಿರಿಂಜ್ ಕುದಸ್ಲಿ. ಬರಹ ಸೋತ್ರ ಮಾಶಾಬಿ ತಿಪಾಯಿ ಮಾಶಾಬಿಗಿ. ಆದ್ರ ನಡುವ ಬಾಯಿ ಬಿಟ್ಟವ್ರು ಸೋತಂಗ, ನೋಡ್ರಿ!"

ಮಾಶಾಬಿ ಒಪ್ಪಿದಳು. ಒಪ್ಪಿ ಹಿಂದಿನ ಕೋಣೆಗೆ ಹೋಗಿ ಸ್ಟೋವಿನ ಮುಂದೆ ಕೂತಾಗ ಅವಳಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಬಾಗಿಲಲ್ಲಿ ಅವು ಸದಾ ಯಾರದೋ ಭುಜದ ಮೇಲಿರುತ್ತಿದ್ದವು.

ಬರೆಯುವುದು ಎಂದರೆ ಬೇರೆ ಊರಿನಲ್ಲಿ ಹಲಗೆ, ಕಾಗದ. ಶಹಾಬಾದದಲ್ಲಿ ಕಲ್ಲು ಬಿಟ್ಟು ಇನ್ನೇನಿದೆ? ನಾಲ್ಕಡಿಯ ಒಂದು ಫರಸಿ ಬಂತು. ಗೋರಿಗೂ ಗುಡಿಗೂ ಸಮನಾಗಿ ಅಕ್ಷರ ಕೆತ್ತುವ ವಿಠೋಬಾ ಬಂದ. ಸಣ್ಣ ಡಾಕ್ಟರರು ಕೊಟ್ಟ ಚೀಟಿಯಂತೆ ಕೆತ್ತಿ ಮುಗಿಸಿ, ಅಭ್ಯಾಸಬಲದಿಂದ ಕೇಳಿದ: "ಕೆಳಗ ತಾರೀಖು ಹಾಕ್ಲೇನ್ರಿ? ಹುಟ್ಟಿದ್ದು, ಹೋದದ್ದು?"

ತಾರೀಖು ಬೇಡವಾಯಿತು. ವರಾಂಡದ ಬೆಂಚಿನ ಮೇಲ್ಗಡೆ ಗೋಡೆಗೆ ಫರಸಿ ಏರಿತು. ಅದರ ಮೊದಲ ಸಾಲೇ ಸಾಕು ನಮಗೆ: "ಹೊರರೋಗಿಗಳು ಈ ಬೆಂಚಿನ ಮೇಲೆಯೇ ಕುಳಿತುಕೊಳ್ಳತಕ್ಕದ್ದು."

ಒಳಗೆ ಮಲಗಿ ಚಿಕಿತ್ಸೆ ಪಡೆಯುವವನು ಒಳರೋಗಿ, ಬಂದು ತೋರಿಸಿ ಹೋಗುವವನು ಹೊರರೋಗಿ. ಪುಸ್ತಕದಲ್ಲಿ ಹಾಗಿದೆ. ಆದರೆ ಈ ಸೀಮೆಯಲ್ಲಿ 'ಹೊರಕಡಿ' ಎಂದರೆ ಒಂದೇ ಕಡೆ, ಚೆಂಬು ಹಿಡಿದು ಹೋಗುವ ಕಡೆ. "ಹೊರಕಡಿ ಆಗ್ಯಾದ" ಎಂದರೆ ಚೆಂಬು ಕೆಳಗಿಡಲು ಪುರಸೊತ್ತಿಲ್ಲ ಎಂದರ್ಥ.

ಮೊದಲ ದಿನ ಬೆಂಚು ತುಂಬಿತ್ತು. ಸಿಮೆಂಟ್ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಅಂಬಾರಾಯ, ಓದು ಬರುತ್ತದೆಂಬುದನ್ನು ನಾಲ್ಕು ಜನಕ್ಕೆ ತೋರಿಸಲು, ಗಟ್ಟಿಯಾಗಿ ಓದಿದ. "ಹೊರ... ರೋಗಿಗಳು..."

"ಅಂದ್ರ ಯಾರಪಾ?" ಎಂದಳು ಗುಂಡಮ್ಮ. ಮೊಣಕಾಲು ನೋವಿನ ಮುದುಕಿ, ಎರಡು ಬೆಂಚಿನಷ್ಟು ಅಗಲ.

ಅಂಬಾರಾಯ ದನಿ ತಗ್ಗಿಸಿದ. "ಹೊರಕಡಿ ರೋಗದವ್ರು ಚಿಗವ್ವ. ಅವ್ರು ಅಷ್ಟೇ ಇಲ್ಲಿ ಕುಂದ್ರಬೇಕಂತ."

ಚೇಳು ಕಂಡಂತೆ ಬೆಂಚು ಎದ್ದು ನಿಂತಿತು. ಗುಂಡಮ್ಮನ ಮೊಣಕಾಲು ಆ ಕ್ಷಣಕ್ಕೆ ವಾಸಿಯಾಗಿತ್ತು. "ನಂದು ಮೊಣಕಾಲಪ್ಪ! ಹೊರಕಡಿ ಎಲ್ಲಾ ಬರೋಬರಿ ಅದ!" ಎಂದು ಕೇಳಿದವರಿಗೂ ಕೇಳದವರಿಗೂ ಸಾರುತ್ತಾ ಒಳಗೆ ನುಗ್ಗಿದಳು.

ಹೀಗೆ ಫರಸಿಯ ಮೇಲೆ ಬರೆದದ್ದು ಯಾರಿಗೂ ತಿಳಿಯದ ಫಾರಸಿಯಾಯಿತು. ಮರುದಿನದಿಂದ ಬೆಂಚು ಖಾಲಿ, ಒಳಗೆ ಕಾಲಿಡಲು ಜಾಗವಿಲ್ಲ. ಒಬ್ಬ ತೂಕದ ಯಂತ್ರದ ಮೇಲೆ ಕೂತ, ಇನ್ನೊಬ್ಬ ಡಾಕ್ಟರರ ಕುರ್ಚಿಯ ಕೈಮೇಲೆ. ನಿಜವಾಗಿಯೂ ಹೊಟ್ಟೆ ಕೆಟ್ಟವರಂತೂ ಆ ಬೀದಿಯನ್ನೇ ಬಿಟ್ಟರು. ಎದುರಿನ ಚಹಾ ಹೋಟೆಲಿನಲ್ಲಿ ಮಂದಿ ಜಮಾಯಿಸಿದರು: ಬೆಂಚಿನ ಮೇಲೆ ಮೊದಲು ಯಾರು ಕೂರುತ್ತಾರೆ, ನೋಡಿಯೇ ಬಿಡೋಣ.

ಮೊದಲು ಕೂತವರು ಸಣ್ಣ ಡಾಕ್ಟರರು.

ನಾಲ್ಕನೆಯ ದಿನ. ಒಳಗೆ ಉಸಿರು ಕಟ್ಟಿ, ಹಣೆ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಖಾಲಿ ಬೆಂಚು ಕಂಡು ಉಸ್ಸೆಂದು ಕೂತರು. ಎದುರಿನ ಹೋಟೆಲಿನಲ್ಲಿ ಚಹಾದ ಬಸಿಗಳೆಲ್ಲ ತುಟಿಯ ಹತ್ತಿರವೇ ನಿಂತವು. ಗುಂಡಮ್ಮ ಹೆತ್ತ ಕರುಳಿನವಳು. ಹತ್ತಿರ ಹೋದಳು.

"ಸಾಹೇಬ್ರ, ಯಾವಾಗಿಂದರಿ?"

ಊರಿಗೆ ಬಂದದ್ದನ್ನು ಕೇಳುತ್ತಿದ್ದಾಳೆಂದು ಡಾಕ್ಟರರು ತಿಳಿದರು. "ಒಂದು ತಿಂಗಳಾಯಿತಮ್ಮ."

"ಒಂದು ತಿಂಗ್ಳು! ದಿನಕ್ಕ ಎಷ್ಟರಿ?"

"ನಲವತ್ತು, ಐವತ್ತು. ಸಂತೆಯ ದಿನ ಎಪ್ಪತ್ತೂ ಆಗುತ್ತದೆ."

ಗುಂಡಮ್ಮ ಕೆನ್ನೆಗೆ ಕೈ ಹಚ್ಚಿದಳು. "ಸಂತಿ ದಿನ ಭಜಿ ತಿಂತೀರೇನು? ಮನ್ಯಾಗ ನೋಡೋರು ಯಾರದಾರ?"

"ಯಾರೂ ಬೇಡಮ್ಮ. ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಮೊದಲು ಕಷ್ಟವಾಗುತ್ತಿತ್ತು, ಈಗ ಅಭ್ಯಾಸವಾಗಿದೆ. ಹೆಚ್ಚು ಬಂದಷ್ಟೂ ಸಂತೋಷವೇ!"

ಹಿಂದಿನ ಕೋಣೆಯಲ್ಲಿ ಮಾಶಾಬಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಕ್ಕರೂ ಬಾಯಿ ಬಿಟ್ಟಂತೆಯೇ.

ಸಂಜೆಯೊಳಗೆ ಡಾಕ್ಟರರ ಬಾಗಿಲಿಗೆ ಸಾಬುದಾಣಿ ಗಂಜಿ ಬಂತು, ಮಜ್ಜಿಗೆ ಬಂತು, ದಾಳಿಂಬೆ ಸಿಪ್ಪೆಯ ಪುಡಿ ಬಂತು. ಈ ಕಡೆಯ ಜನ ಎಷ್ಟು ಪ್ರೀತಿಯವರು ಎಂದು ಅವರು ಹಾಸನಕ್ಕೆ ಕಾಗದ ಬರೆದರಂತೆ. ಮರುದಿನ ದಾರಿಯಲ್ಲಿ ಸಿಕ್ಕವರೆಲ್ಲ "ನಿಂತಿತೇನ್ರಿ?" ಎಂದು ಕೇಳಿದರು. ಮಳೆಯನ್ನು ಕೇಳುತ್ತಾರೆಂದು ಡಾಕ್ಟರರು "ಇಲ್ಲ, ಮೋಡ ಇನ್ನೂ ಇದೆ" ಎಂದರು. ಆದರೆ ರೋಗಿಗಳು ಕಡಿಮೆಯಾದರು. ತನ್ನದನ್ನೇ ನಿಲ್ಲಿಸಿಕೊಳ್ಳಲಾಗದವನು ಪರರದ್ದನ್ನು ಹೇಗೆ ನಿಲ್ಲಿಸಿಯಾನು?

ಮಾಶಾಬಿ ಬೆರಳು ಎಣಿಸಿದಳು. ಆರು ದಿನ ಆಗಿತ್ತು. ಇನ್ನೆರಡು ದಿನ ತುಟಿ ಹೊಲಿದುಕೊಂಡರೆ ತಿಪಾಯಿ ಅವಳದು. ಕಲ್ಲು ತಾನಾಗಿಯೇ ಸೋಲುತ್ತಿತ್ತು.

ಆ ಆರನೆಯ ದಿನದ ಮಧ್ಯಾಹ್ನ, ರಸ್ತೆಯ ಕಡೆ ತೆರೆದ ಬಾಗಿಲಿನ ನೇರಕ್ಕೆ, ಹಿಂದಿನ ಕೋಣೆಯಿಂದಲೇ ಅವಳಿಗೆ ಮಾಳಮ್ಮ ಕಂಡಳು. ಚಿಂಚೋಳಿ ತಾಲೂಕಿನ ಚಿಮ್ಮನಚೋಡಕ್ಕೆ ಕೊಟ್ಟ ಹುಡುಗಿ, ತವರಿಗೆ ಬಂದಿದ್ದಳು. ಹೆಗಲ ಮೇಲೆ ವರ್ಷ ತುಂಬದ ಮಗಳು. ಹೋಟೆಲಿನ ಪಕ್ಕದ ಗೋಡೆಗೆ ಆತು ನಿಂತವಳು ಬೆಂಚನ್ನು ನೋಡುತ್ತಾಳೆ, ಹೋಟೆಲಿನ ಗಂಡಸರನ್ನು ನೋಡುತ್ತಾಳೆ, ಎರಡು ಹೆಜ್ಜೆ ಇಟ್ಟು ಮತ್ತೆ ಗೋಡೆಗೆ ಹೋಗುತ್ತಾಳೆ. ಅವಳ ಸೀರೆಯ ಅಂಚು ಒದ್ದೆಯಾಗಿತ್ತು. ಮಗುವಿನ ತಲೆ ಹೆಗಲ ಮೇಲೆ ನಿಲ್ಲದೆ ಜೋಲುತ್ತಿತ್ತು. ಅದು ಅಳುತ್ತಿರಲಿಲ್ಲ, ಅದೇ ಮಾಶಾಬಿಗೆ ಹೆದರಿಕೆ ಹುಟ್ಟಿಸಿತು. ಅಳುವ ಮಗು ಕಾಯಬಹುದು, ಅಳದ ಮಗು ಕಾಯುವುದಿಲ್ಲ. ಇದನ್ನು ಅವಳು ತಿಪಾಯಿಯ ಮೇಲೆ ಕೂತು ಕಲಿತಿದ್ದಳು.

ತಪ್ಪು ಸಾಲಿನಲ್ಲಿ ನಿಂತ ಸರ್ದಾರನ ಬೆನ್ನು ಕಣ್ಣ ಮುಂದೆ ಬಂತು. ಸ್ಟೋವಿನ ಗಾಳಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾಶಾಬಿ ಹೊರಗೆ ಬಂದವಳೇ ಬೆಂಚಿನ ನಡುಮಧ್ಯೆ ದಪ್ಪನೆ ಕೂತಳು. ಆರು ದಿನದ ಮಾತು ಒಟ್ಟಿಗೇ ಬಂತು.

"ಏ ಮಾಳವ್ವಾ! ಬಾ ಇಲ್ಲಿ, ನನ್ನ ಬಾಜೂಕ ಕುಂದ್ರು! ನನಗೂ ಹೊರಕಡಿ ಆಗ್ಯಾದ. ಯಾರಿಗಿ ಆಗಲ್ಲ? ಏನು ಪಿಕಿಪಿಕಿ ನೋಡ್ಲಿಕತ್ತೀರೋ ಹೋಟೆಲಿನ್ಯಾಗ? ನಿಮ್ಮ ಹೊಟ್ಟ್ಯಾಗೇನು ಫರಸಿ ಹಾಸ್ಯಾರೇನು? ಏ ಅಂಬಾರಾಯ! ಹೋದ ಯುಗಾದಿ ಮರುದಿನ ಮುಂಜಾನಿ ನೀ ಯಾಕ ಓಡಿ ಬಂದಿದ್ದಿ, ಹೇಳ್ಲೇನು?"

"ಬ್ಯಾಡ ಖಾಲಾ!" ಎಂದು ಊರಿಗೆಲ್ಲ ಚಿಕ್ಕಮ್ಮನಂತಿದ್ದ ಅವಳನ್ನು ಬೇಡಿಕೊಂಡ ಅಂಬಾರಾಯ. ಬಸಿ ಕೆಳಗಿಟ್ಟು ತಾನೇ ಹೋಗಿ ಮಾಳಮ್ಮನಿಗೆ ದಾರಿ ಬಿಡಿಸಿಕೊಟ್ಟ.

ಕೂಗು ಕೇಳಿ ಇಬ್ಬರೂ ಡಾಕ್ಟರರು ಹೊರಗೆ ಬಂದರು. ಸಣ್ಣ ಡಾಕ್ಟರರು ಮಗುವಿನ ಹೊಟ್ಟೆಯ ಚರ್ಮ ಚಿವುಟಿ ನೋಡಿ, ಎತ್ತಿಕೊಂಡು ಒಳಗೆ ಓಡಿದರು. ಸಂಜೆತನಕ ಸಲೈನು ಹನಿಯಿತು. ಮಾಶಾಬಿ ಚಮಚದಲ್ಲಿ ಉಪ್ಪು ಸಕ್ಕರೆಯ ನೀರು ಕುಡಿಸುತ್ತಾ ಪಕ್ಕದಲ್ಲಿ ಕೂತಳು. ದೀಪ ಹಚ್ಚುವ ಹೊತ್ತಿಗೆ ಮಗು ಬಾಯಿ ತೆರೆದು ಇಡೀ ಸ್ಟೇಷನ್ ರಸ್ತೆಗೆ ಕೇಳುವಂತೆ ಅತ್ತಿತು. ಅಷ್ಟು ಚೆಂದದ ಗದ್ದಲವನ್ನು ಆ ದವಾಖಾನೆ ಕೇಳಿರಲಿಲ್ಲ.

ಆಮೇಲೆ ಸಣ್ಣ ಡಾಕ್ಟರರು ಕೈ ತೊಳೆಯುತ್ತಾ ಕೇಳಿದರು. "ಸರ್, ಆ ತಾಯಿ ಅಷ್ಟು ಹೊತ್ತು ಬಿಸಿಲಲ್ಲಿ ಏಕೆ ನಿಂತಿದ್ದರು? ಬೆಂಚು ಖಾಲಿಯಿತ್ತಲ್ಲ. ಈ ಹೊರಕಡಿ ಎಂದರೆ ಏನು?"

ರೇವಣಸಿದ್ದಯ್ಯನವರು ಹೇಳಿದರು. ಸಣ್ಣ ಡಾಕ್ಟರರ ಕೈಯಿಂದ ಸಾಬೂನು ಜಾರಿತು. ಅವರ ಮುಖದಲ್ಲಿ ಒಂದೊಂದೇ ಹಾದುಹೋದವು: ಗುಂಡಮ್ಮ, ಗಂಜಿ, ದಾಳಿಂಬೆ ಸಿಪ್ಪೆ, ಸಂತೆಯ ದಿನದ ಎಪ್ಪತ್ತು.

"ದೇವರೇ! 'ಹೆಚ್ಚು ಬಂದಷ್ಟೂ ಸಂತೋಷ' ಎಂದೆನಲ್ಲ!"

ರೇವಣಸಿದ್ದಯ್ಯನವರು ಗೋಡೆ ಹಿಡಿದು ನಕ್ಕರು. ಮಾಶಾಬಿ ನಗಲಿಲ್ಲ. ಬಾಗಿಲಲ್ಲಿ ನಿಂತು ಹೇಳಿದಳು. "ಸಾಬ್, ಎಂಟು ದಿನ ಆಗಿಲ್ಲ, ನಾ ಬಾಯಿ ಬಿಟ್ಟೆ. ಸೋತೆ. ತಿಪಾಯಿ ಒಳಗ ಇಡ್ತೀನ್ರಿ."

"ಇಲ್ಲ," ಎಂದರು ಸಣ್ಣ ಡಾಕ್ಟರರು. "ನೀವು ಬಾಯಿ ಬಿಟ್ಟದ್ದು ಆರನೆಯ ದಿನ. ನಾನು ನಾಲ್ಕನೆಯ ದಿನವೇ ಬಿಟ್ಟೆ, ಅದೂ ಗುಂಡಮ್ಮನ ಮುಂದೆ. ಮೊದಲು ಸೋತವನು ನಾನು."

ಮಾಶಾಬಿ ತೀರ್ಪಿಗಾಗಿ ಹಿರಿಯ ಡಾಕ್ಟರರನ್ನು ನೋಡಿದಳು. ಅವರಿಗೆ ಇನ್ನೂ ನಗು ನಿಂತಿರಲಿಲ್ಲ, ತಲೆಯಾಡಿಸಿದರು.

ಮರುದಿನ ವಿಠೋಬಾನನ್ನು ಮತ್ತೆ ಕರೆಸಲಾಯಿತು. ಅಕ್ಷರ ಅಳಿಸಬೇಕೆಂದರೆ ಕಲ್ಲೇ ತೆಳುವಾಗುತ್ತದೆ ಎಂದ ಅವನು ಇನ್ನೊಂದು ಉಪಾಯ ಸೂಚಿಸಿದ. ಫರಸಿಯನ್ನು ಗೋಡೆಯಿಂದ ಇಳಿಸಿ, ಬಾಗಿಲ ಪಕ್ಕದಲ್ಲಿ ಎರಡು ಗುಂಡುಕಲ್ಲಿನ ಮೇಲೆ ಬೋರಲು ಹಾಸಿದ. ಅಕ್ಷರ ಕೆಳಗೆ, ನುಣುಪು ಮೇಲೆ. ಮಾಶಾಬಿ ಅದರ ಮೇಲೆ ಅಂಗೈಯಾಡಿಸಿ ನೋಡಿದಳು. ಸರ್ದಾರ ಇದ್ದಿದ್ದರೆ ಇನ್ನೂ ಸ್ವಲ್ಪ ಹೊಳಪು ಬರುತ್ತಿತ್ತು ಎಂದುಕೊಂಡು ಕೂತಳು.

ಖಾಲಿಯಾದ ತಿಪಾಯಿಯನ್ನು ಸಣ್ಣ ಡಾಕ್ಟರರು ತೆಗೆದುಕೊಂಡರು. ರೋಗಿಗಳು ಬರುವ ಮುಂಚೆ ಅದನ್ನು ಅವಳ ಫರಸಿಯ ಪಕ್ಕಕ್ಕೆ ಎಳೆದುಕೊಂಡು ಕೂತು ದಿನಕ್ಕೆ ಹತ್ತು ಮಾತು ಕಲಿಯುತ್ತಿದ್ದರು. "ಹೊಟ್ಟಿ ಕಡೀತದ" ಎಂದರೆ ಹಲ್ಲಿನ ಕೆಲಸವಲ್ಲ ಎಂದು ತಿಳಿದದ್ದು ಅಲ್ಲೇ. ಕಲಿತಷ್ಟೂ ಮುಗಿಯಲಿಲ್ಲ. ಒಳಗಿನಿಂದ ಅವರು "ಖಾಲಾ!" ಎಂದು ಕೂಗುವುದು, ಇವಳು ಇಣುಕಿ ಅರ್ಥ ಹೇಳಿ ಬರುವುದು, ೧೯೮೧ರಲ್ಲಿ ಅವಳು ಕೆಲಸ ಬಿಡುವವರೆಗೂ ನಡೆದೇ ಇತ್ತು.

ಗುಂಡಮ್ಮ ಮಾತ್ರ ಒಂದು ಹಟ ಬಿಡಲಿಲ್ಲ. ಮೊಣಕಾಲು ತೋರಿಸಲು ಬಂದಾಗಲೆಲ್ಲ ಒಂದು ತಂಬಿಗೆ ಮಜ್ಜಿಗೆ ತರುತ್ತಿದ್ದಳು. ಡಾಕ್ಟರರು ಎಷ್ಟು ಬೇಡವೆಂದರೂ ಮಾಶಾಬಿಯ ಕಿವಿಯಲ್ಲಿ ಬಗ್ಗಿ ಹೇಳುತ್ತಿದ್ದಳು: "ಸಾಹೇಬ್ರು ನಾಚಿಕೊಳ್ತಾರ. ಸುಮ್ನ ಕುಡ್ಸು."

ಮಾಶಾಬಿ ಅದನ್ನೂ ಯಾರಿಗೂ ಹೇಳಲಿಲ್ಲ. ಸುಮ್ಮನೆ ಕುಡಿಸಿದಳು.