ನಾಯಿಗಳು ಬೆಚ್ಚಗೆ ಮಲಗುವ ಜಾಗ

ಬೆಳಗಿನ ಐದೂವರೆ. ನಗರದ ಕಸವೆಲ್ಲ ಬಂದು ಬೀಳುವ ಗುಡ್ಡದ ಮೇಲೆ ಒಬ್ಬರು ಕಬ್ಬಿಣದ ಸಲಾಕೆ ಹಿಡಿದು ನಾಯಿಗಳನ್ನು ಹುಡುಕುತ್ತಿದ್ದಾರೆ. ಚಳಿಗೆ ನಾಯಿಗಳು ಬೆಚ್ಚಗಿರುವ ಕಡೆಯೇ ಮಲಗುತ್ತವೆ. ಕಸ ಬೆಚ್ಚಗಿದೆ ಎಂದರೆ ಒಳಗೆಲ್ಲೋ ಬೆಂಕಿ ಹುಟ್ಟುತ್ತಿದೆ ಎಂದೇ ಅರ್ಥ. ಅಗೋ, ಮೂರು ನಾಯಿಗಳು ಒಂದಕ್ಕೊಂದು ಅಂಟಿಕೊಂಡು ಮುದುಡಿವೆ.

"ಏಳ್ರಪ್ಪಾ, ನಿಮ್ಮ ಹಾಸಿಗೆ ಕಿತ್ಕೊಳ್ಳೋಕೆ ಬಂದೆ," ಎನ್ನುತ್ತಾರೆ. ಸಲಾಕೆಯನ್ನು ಆಳಕ್ಕೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹೊರಗೆಳೆದು, ತುದಿಯನ್ನು ಮುಂಗೈಯ ಹತ್ತಿರ ಹಿಡಿಯುತ್ತಾರೆ. ಸುಡುತ್ತದೆ.

ಲಾರಿಯವರ ಬಾಯಲ್ಲಿ ಇವರು ಹೊಗೆಯಣ್ಣ. ಕಸಕ್ಕೆ ಬೆಂಕಿ ಹತ್ತದಂತೆ ಕಾಯುವುದು ಇವರ ಹತ್ತೊಂಬತ್ತು ವರ್ಷದ ಕೆಲಸ. ಬಂದಾಗ ದಿನಕ್ಕೆ ನಲವತ್ತು ಲಾರಿ ಇದ್ದದ್ದು ಈಗ ಇನ್ನೂರು ದಾಟಿದೆ. "ಬೆಂಕಿ ಹತ್ತಿದ್ರೆ ಎಲ್ರೂ ನನ್ನೇ ಬೈತಾರೆ. ಹತ್ತದೇ ಇದ್ರೆ, ಇಲ್ಲೊಬ್ಬ ಇದಾನೆ ಅಂತ್ಲೂ ಯಾರಿಗೂ ಗೊತ್ತಾಗಲ್ಲ."

ಗುಡ್ಡದ ಬುಡದಲ್ಲಿ ತಗಡಿನ ಸೂರಿನ ಒಂದೇ ಕೋಣೆಯ ಅವರ ಮನೆ. ಮೊಳೆಗೆ ಹೆಂಡತಿಯ ಸ್ವೆಟರ್ ನೇತುಬಿದ್ದಿದೆ. ಹೋದ ವರ್ಷದ ಚಳಿಯಲ್ಲಿ ಹೀಗೇ ಬಿಸಿಯಾದ ಜಾಗಕ್ಕೆ ಇಪ್ಪತ್ತು ಕೊಡ ನೀರು ಸುರಿದು, ಆವಿ ನಿಂತಿತೆಂದು ನೆಮ್ಮದಿಯಿಂದ ಮನೆಗೆ ಬಂದಿದ್ದರು. ನೀರು ಪ್ಲಾಸ್ಟಿಕ್ಕಿನ ಪದರದ ಮೇಲೆ ಜಾರಿಹೋಗಿತ್ತು. ಬೆಂಕಿ ಅಡಿಯಲ್ಲೇ ತೆವಳಿ, ನಾಲ್ಕನೇ ದಿನ ಇದೇ ಕೋಣೆಯ ಹಿಂದೆ ಬಾಯಿಬಿಟ್ಟಿತು. ಒಳಗೆ ಮಲಗಿದ್ದ ಹೆಂಡತಿಗೆ ಅಂದು ಹಿಡಿದ ಉಬ್ಬಸ ಇನ್ನೂ ಬಿಟ್ಟಿಲ್ಲ. ಈಗ ಆಕೆ ದೂರದ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ಗುಡ್ಡ ಒಂದು ತಿಂಗಳು ಪೂರ್ತಿ ತಣ್ಣಗಿದ್ದರೆ ವಾಪಸು ಬರುತ್ತೇನೆ ಎಂದಿದ್ದಾರೆ. ಇಂದಿಗೆ ಇಪ್ಪತ್ತಾರನೇ ದಿನ.

ಹೊಗೆಯಣ್ಣ ಈಗ ನೀರಿನ ಸಹವಾಸಕ್ಕೆ ಹೋಗುವುದಿಲ್ಲ. ಮಣ್ಣು ಹೊತ್ತು ತಂದು ಸುರಿದು, ಗಾಳಿಯಾಡದಂತೆ ತುಳಿಯುತ್ತಾರೆ. ಮೂವತ್ತೊಂದನೇ ಬುಟ್ಟಿಯ ಹೊತ್ತಿಗೆ ಹೆಂಡತಿಯ ಫೋನು.

"ಹೊಗೆ ಬಂತಾ?"

"ಇಲ್ಲ." ಬುಟ್ಟಿ ಕೆಳಗಿಟ್ಟು, "ಬಿಸಿ ಇತ್ತು ಕಣೇ. ಮಣ್ಣು ಹಾಕಿದೀನಿ."

"ಹಂಗಾದ್ರೆ ಮತ್ತೆ ಒಂದರಿಂದ ಎಣಿಸಿ."

"ಹೊಗೆ ಬಂದಿಲ್ವಲ್ಲೇ."

"ನೀವು ನೀರು ಹಾಕಿದ ದಿನಾನೂ ಬಂದಿರ್ಲಿಲ್ಲ."

ಅವರು ವಾದ ಮಾಡುವುದಿಲ್ಲ. "ಸರಿ. ಇವತ್ತು ಒಂದು," ಎನ್ನುತ್ತಾರೆ.

ಸುಳ್ಳು ಹೇಳಬಹುದಿತ್ತಲ್ಲ ಎಂದು ಕೇಳಿದರೆ ಸಲಾಕೆ ಒರೆಸುತ್ತ ನಗುತ್ತಾರೆ. "ಅವಳು ಬಂದು ಉಸಿರಾಡ್ಬೇಕಾದ್ದು ಇಲ್ಲೇ ಅಲ್ವಾ?"

ಎಬ್ಬಿಸಿದ ನಾಯಿಗಳು ಮರಳಿ ಬಂದು, ಹೊಸ ಮಣ್ಣನ್ನು ಮೂಸಿ, ಬೇಸರದಿಂದ ಮುಂದೆ ಹೋಗುತ್ತವೆ. ಹೊಗೆಯಣ್ಣ ಅವುಗಳನ್ನೇ ನೋಡುತ್ತಾರೆ.

"ಬೆಚ್ಚಗೆ ಮಲಗೋಕೆ ಎಲ್ಲೂ ಜಾಗ ಸಿಗ್ದೆ ಇವು ಗುಡ್ಡ ಎಲ್ಲಾ ಅಲೀಬೇಕು. ಆಮೇಲೆ ನಮ್ಮನೆ ಬಾಗಿಲಿಗೇ ಬರ್ಲಿ, ಗೋಣಿಚೀಲ ಹಾಸಿ ಇಟ್ಟಿದೀನಿ."