ಲಿಂಗಸುಗೂರಿನ ಬಿಳಿ ದೋಣಿ, ಮಸ್ಕಿಯ ಹಸಿರು ದೋಣಿ

ಸಮುದ್ರದ ಪಾಠವನ್ನು ನಾನು ಮೂವತ್ತು ವರ್ಷ ಮಾಡಿದ್ದೇನೆ. ಸಮುದ್ರ ನೋಡಿದ್ದು ಎರಡೇ ಸಲ, ಅದೂ ಶಾಲಾ ಪ್ರವಾಸದಲ್ಲಿ, ಮಕ್ಕಳ ತಲೆ ಎಣಿಸುತ್ತಾ. ಹಾಗಿದ್ದರೂ ಸಿಂಧನೂರಿನ ಸುತ್ತಮುತ್ತ ಭೂಗೋಳದ ವಿಷಯಕ್ಕೆ ನನ್ನ ಮಾತೇ ಕೊನೆಯ ಮಾತು ಎಂಬ ಭ್ರಮೆ ನನಗಿತ್ತು. ಅದನ್ನು ಬಿಡಿಸಲು ಯಾರೂ ಬರಲಿಲ್ಲ. ಭತ್ತದ ಸೀಮೆಯಲ್ಲಿ ಸಮುದ್ರ ಯಾರಿಗೆ ಬೇಕು?

ಬಿಡಿಸಿದವರು ಒಬ್ಬರೇ. ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಶಾಲೆಯಲ್ಲಿದ್ದಾಗ ಒಂದು ದಿನ, ಹಾಯಿದೋಣಿ ಗಾಳಿ ಬೀಸಿದ ಕಡೆಗೆ ಮಾತ್ರ ಹೋಗುತ್ತದೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತಿದ್ದೆ. ಮಗಳನ್ನು ಕರೆದೊಯ್ಯಲು ಬಂದು ಕಿಟಕಿಯಾಚೆ ನಿಂತಿದ್ದ ಬಂಗಾಲಿ ರೈತರೊಬ್ಬರು, "ಸರ್, ಎದುರು ಗಾಳಿಗೂ ಹೋಗ್ತೈತಿ. ಹಾವು ಹರಿದಂಗ ಓರಿ ಓರಿ ಹೋಗ್ಬೇಕು" ಎಂದರು. ಹುಡುಗರೆಲ್ಲ ನಕ್ಕರು. ನನಗೆ ಮೈ ಉರಿಯಿತು. "ಹಂಗಾರ ನೀವ ಬಂದು ಪಾಠ ಮಾಡ್ರಿ" ಎಂದೆ. ಅವರು ಕೈಮುಗಿದು ಮಗಳ ಚೀಲ ಎತ್ತಿಕೊಂಡು ಹೋದರು.

ಆಮೇಲೆ ಗೊತ್ತಾಯಿತು, ಅವರ ಅಪ್ಪನಿಗೆ ಪೂರ್ವ ಬಂಗಾಲದ ನದಿಯಲ್ಲಿ ಹಾಯಿದೋಣಿ ಇತ್ತಂತೆ. ಹನ್ನೆರಡನೇ ವಯಸ್ಸಿಗೆ ಇವರು ಚುಕ್ಕಾಣಿ ಹಿಡಿದವರು. ನಿರಾಶ್ರಿತರಾಗಿ ಬಂದಾಗ ಸರಕಾರ ಇಲ್ಲಿ ಹೊಲ ಕೊಟ್ಟಿತು, ಮನೆ ಕೊಟ್ಟಿತು, ನದಿ ಕೊಡುವುದು ಮಾತ್ರ ಅದರ ಕೈಯಲ್ಲಿರಲಿಲ್ಲ. ಅವರನ್ನು ಎಲ್ಲರೂ ದಾದಾ, ಅಂದರೆ ಅಣ್ಣ, ಎನ್ನುತ್ತಾರೆ, ನಾನೂ ಹಾಗೇ ಕರೆದೆ. ತಿಂಗಳಿಗೊಮ್ಮೆ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಷ್ಟು ಸ್ನೇಹವೂ ಬೆಳೆಯಿತು. ಆದರೆ ಎದುರು ಗಾಳಿಯ ಮಾತನ್ನು ನಾನು ಮರೆತಿರಲಿಲ್ಲ.

ನಿವೃತ್ತಿಯಾದ ಮೇಲೆ ಉಳಿದ ಮಾಸ್ತರರು ಪ್ಲಾಟು ಕೊಳ್ಳುತ್ತಾರೆ, ಕಾಶಿಗೆ ಹೋಗುತ್ತಾರೆ, ಶುಗರ್ ತೋರಿಸಿಕೊಳ್ಳುತ್ತಾರೆ. ನಾನು ಹಾಯಿದೋಣಿ ಕೊಳ್ಳಲು ಹೊರಟೆ. ಹುಚ್ಚು ಬರಲು ಕಾರಣವೂ ಇತ್ತು. ಗುತ್ತಿಗೆದಾರನೊಬ್ಬ ಮಸ್ಕಿಯಾಚೆಯ ಕೆರೆಯ ದಂಡೆಯಲ್ಲಿ ರೆಸಾರ್ಟ್ ಮಾಡುತ್ತೇನೆಂದು ಗೋವಾದಿಂದ ಎರಡು ಹಳೇ ಹಾಯಿದೋಣಿಗಳನ್ನು ಲಾರಿಯ ಮೇಲೆ ತರಿಸಿದ್ದ. ರೆಸಾರ್ಟ್ ಬೋರ್ಡು ನೆಡುವುದರಾಚೆ ಹೋಗಲಿಲ್ಲ. ಬಿಳಿ ದೋಣಿ ಲಿಂಗಸುಗೂರಿನ ಮುಚ್ಚಿದ ಹತ್ತಿ ಮಿಲ್ಲಿನ ಅಂಗಳದಲ್ಲಿ ನಿಂತಿತು. ಹಸಿರು ದೋಣಿ ಮಸ್ಕಿಯ ರಸ್ತೆ ಪಕ್ಕದ ಧಾಬಾದ ಮುಂದೆ, ಗಿರಾಕಿಗಳು ಫೋಟೊ ತೆಗೆಸಿಕೊಳ್ಳಲೆಂದು ನಿಂತಿತು. ಎರಡೂ ಅಗ್ಗದ ಬೆಲೆಗೆ ಮಾರಾಟಕ್ಕಿದ್ದವು. ನಾನು ಮೂರು ತಿಂಗಳು ಮೊಬೈಲಿನಲ್ಲಿ ದೋಣಿಯ ವಿಡಿಯೊ ನೋಡಿ ಪಂಡಿತನಾದೆ.

"ಮನ್ಯಾಗ ನಳ ಸೋರಾಕತ್ತು ಆರು ತಿಂಗಳಾತು," ಎಂದಳು ನನ್ನ ಹೆಂಡತಿ. "ಅದೊಂದು ನಿಂದರ್ಸ್ರಿ. ಆಮ್ಯಾಲ ಕೆರ್‍ಯಾಗ ಇಳೀರಂತ."

ದೋಣಿ ನೋಡಲು ಬರುತ್ತೀರಾ ಎಂದು ದಾದಾ ಅವರನ್ನು ಕೇಳಿದೆ. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಚಹಾದ ಕಪ್ಪು ಕೆಳಗಿಟ್ಟು, "ಬರ್ತೀನಿ ಸರ್. ನನಗೇನೂ ಕೊಡಬ್ಯಾಡ್ರಿ. ಕೊಂಡ ಮ್ಯಾಲ ಒಂದ ಸಲ ಚುಕ್ಕಾಣಿ ನನ್ನ ಕೈಯಾಗ ಕೊಡ್ರಿ. ಎದುರು ಗಾಳಿಗೆ ನಡಸಿ ತೋರಸ್ತೀನಿ" ಎಂದರು. ಅದೇನು ದೊಡ್ಡ ಮಾತು ಎಂದು ಒಪ್ಪಿದೆ.

ಲಿಂಗಸುಗೂರಿಗೆ ಹೆಂಡತಿಯ ತಮ್ಮನೂ ಬಂದ. ಹಳೇ ಟ್ರ್ಯಾಕ್ಟರುಗಳ ದಲ್ಲಾಳಿ, ಕೊಳ್ಳುವವನಿಗೂ ಮಾರುವವನಿಗೂ ಒಂದೇ ಬಾಯಲ್ಲಿ ಒಳ್ಳೆಯದು ಬಯಸುವ ಮನುಷ್ಯ. ದೋಣಿಯ ಸುತ್ತ ಎರಡು ಸುತ್ತು ಬಂದು, "ಎಷ್ಟು ತಾಸು ಓಡೈತಿ? ಕಾಗದ ಪತ್ರ ಕ್ಲಿಯರ್ ಅದಾವೇನು?" ಎಂದು ಕಾವಲುಗಾರನನ್ನು ವಿಚಾರಿಸಿದ. ಗಾಳಿಗೆ ಓಡುವ ಗಾಡಿ ಎಂದು ತಿಳಿದಾಗ ಅವನ ಮುಖ ಅರಳಿತು. "ಮಾಮಾ, ಡೀಸೆಲ್ ಖರ್ಚಿಲ್ಲ ಅಂದ್ರ ಕಣ್ಣು ಮುಚ್ಚಿ ತಗೋರಿ."

ಬಿಳಿ ದೋಣಿ ಚೆಲುವಾಗಿತ್ತು, ಸುಳ್ಳು ಹೇಳಬಾರದು. ಒಳಗೆ ಹಾಸಿಗೆ, ಪುಟ್ಟ ಒಲೆ, ಕನ್ನಡಿ, ಕೂತರೆ ಮೊಣಕಾಲು ಗದ್ದಕ್ಕೆ ತಾಗುವಂಥ ಪಾಯಖಾನೆ ಕೂಡ. ನಾನು ಮೇಲೆ ಹತ್ತಿ ನಿಂತೆ. ಮಿಲ್ಲಿನ ಗೋಡೆಯಾಚೆ ಜನ ಸೇರಿದರು. ಅವರಲ್ಲೊಬ್ಬ, "ಕ್ಯಾಪ್ಟನ್ ಸಾಹೇಬ್ರ, ಯಾವಾಗ ಬಿಡ್ತೀರಿ?" ಎಂದು ಕೂಗಿದ. ಮೂವತ್ತು ವರ್ಷ 'ಸರ್' ಅನ್ನಿಸಿಕೊಂಡ ಕಿವಿಗೆ 'ಕ್ಯಾಪ್ಟನ್' ಎಷ್ಟು ಸಿಹಿಯಾಗಿತ್ತೆಂದರೆ, ವ್ಯವಹಾರ ಅಲ್ಲಿಗೇ ಮುಗಿದಿತ್ತು.

ಕೆಳಗೆ ದಾದಾ ಜೇಬಿನಿಂದ ಐದು ರೂಪಾಯಿಯ ನಾಣ್ಯ ತೆಗೆದು ದೋಣಿಯ ಮೈಯನ್ನು ಗೇಣು ಗೇಣಿಗೂ ಬಡಿಯುತ್ತಿದ್ದರು. ಗಡಿಗೆ ಕೊಳ್ಳುವಾಗ ನನ್ನ ಹೆಂಡತಿ ಬಡಿದು ನೋಡುವುದು ಹೀಗೆಯೇ. ನೀರಿಗಿಳಿಯುವ ಭಾಗಕ್ಕೆ ಬಂದಾಗ ಸದ್ದು ಒದ್ದೆ ಚೀಲಕ್ಕೆ ಗುದ್ದಿದಂತೆ ಬಂತು. "ದನಿ ಸತ್ತೈತಿ ಸರ್," ಎಂದರು. "ಕಟ್ಟಿಗಿ ಆಗ್ಲಿ, ಫೈಬರ್ ಆಗ್ಲಿ, ಒಳಗ ನೀರು ಕುಂತ್ರ ದನಿ ಸಾಯ್ತೈತಿ. ಪದರ ಬಿಟ್ಟಾವ. ಬಣ್ಣ ಹಚ್ಚಿ ಮುಚ್ಯಾರ." ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಯನ್ನು ಮಕ್ಕಳಿಗೆ ಬಿಡಿಸಿ ಹೇಳಿದವನೇ ನಾನು.

ಅಂದೇ ಮಧ್ಯಾಹ್ನ ಮಸ್ಕಿಗೆ ಬಂದೆವು. ಹಸಿರು ದೋಣಿಯ ಬಣ್ಣ ಎದ್ದಿತ್ತು. ಒಂದು ಮಗ್ಗುಲಿಗೆ ರೊಟ್ಟಿ, ದಾಲ್, ಎಗ್ ರೈಸ್ ಎಂದು ಧಾಬಾದವನು ಬರೆಸಿದ್ದ. ಇನ್ನೊಂದು ಮಗ್ಗುಲಿಗೆ ಪ್ರೇಮಿಗಳು ಮೊಳೆಯಿಂದ ತಮ್ಮ ಹೆಸರು ಗೀರಿದ್ದರು. ಒಳಗೆ ಮೇಕೆಗಳು ಮಲಗಿದ್ದವು. ದಾದಾ ನಾಣ್ಯ ಹಿಡಿದು ಬಡಿಯುತ್ತಾ ಒಂದು ಸುತ್ತು ಬಂದರು. ಎಲ್ಲಿ ಬಡಿದರೂ ಠಣ್ ಎಂದಿತು. ಕೊನೆಗೆ ನಾಣ್ಯ ಜೇಬಿಗೆ ಹಾಕಿ, ದೋಣಿಯ ಮೈಗೆ ಕೆನ್ನೆ ಹಚ್ಚಿ ನಿಂತುಬಿಟ್ಟರು. ನಾನು ಅವರ ಮುಖವನ್ನು ಅಷ್ಟು ಸಮಾಧಾನವಾಗಿ ಅದುವರೆಗೆ ನೋಡಿರಲಿಲ್ಲ.

"ಇದು ಸರ್. ಇದನ್ನ ತಗೋರಿ. ಇನ್ನೂ ಇಪ್ಪತ್ತು ವರ್ಷ ನೀರಿಗೆ ಹೆದರಂಗಿಲ್ಲ."

"ಮಾಮಾ," ಎಂದ ಹೆಂಡತಿಯ ತಮ್ಮ, "ಇದನ್ನ ನಿಮ್ಮ ಮನಿ ಮುಂದ ನಿಂದರ್ಸಿದ್ರ ಮಂದಿ ಊಟಕ್ಕ ಬರ್ತಾರ ನೋಡ್ರಿ." ನಾನು ನಕ್ಕೆ. ದಾದಾ ನಗಲಿಲ್ಲ.

ಬಿಳಿಯದನ್ನೇ ಕೊಂಡೆ. ದಾದಾ ಅವರಿಗೆ ಫೋನು ಮಾಡಿ, ಒಳಗಿನ ಸೌಕರ್ಯ, ವಯಸ್ಸಿಗೆ ತಕ್ಕ ಅನುಕೂಲ, ವಿಡಿಯೊದಲ್ಲಿ ಪರಿಣತರು ಹೇಳಿದ್ದು, ಎಲ್ಲವನ್ನೂ ಪಾಠದ ಧಾಟಿಯಲ್ಲಿ ವಿವರಿಸಿದೆ. ಕುಣಿಯಲಾರದವಳು ಅಂಗಳದ ಡೊಂಕು ಹೇಳಿದ ಹಾಗೆ ಮಸ್ಕಿಯ ದೋಣಿಯ ಮೇಕೆಗಳ ವಾಸನೆಯನ್ನೂ ಸೇರಿಸಿದೆ. ಆ ಕಡೆಯಿಂದ, "ನಿಮ್ಮ ಇಷ್ಟ ಸರ್" ಎಂದಷ್ಟೇ ಬಂತು. ಆಮೇಲೆ ಅವರೇ, "ಯಾವತ್ತು ಇಳಸ್ತೀರಿ?" ಎಂದು ಕೇಳಿದರು.

ಇಳಿಸುವ ದಿನ ಮುಕ್ಕುಂದ, ಜವಳಗೇರಾ ಕಡೆಯಿಂದೆಲ್ಲ ಜನ ಬಂದರು. ತೆಂಗಿನಕಾಯಿ ಒಡೆದೆವು, ನಿಂಬೆಹಣ್ಣು ಇಟ್ಟೆವು. ಟ್ರ್ಯಾಕ್ಟರು ದೋಣಿಯನ್ನು ಮೆಲ್ಲಗೆ, ರೆಸಾರ್ಟ್ ಆಗಬೇಕಿದ್ದ ಅದೇ ಕೆರೆಗೆ ಇಳಿಸಿತು. ನಾನು ತಲೆಗೆ ಹೊಸ ಟೊಪ್ಪಿಗೆ ಹಾಕಿಕೊಂಡು ಮೇಲಿದ್ದೆ. ದಂಡೆಯಲ್ಲಿ ದಾದಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಚಪ್ಪಲಿ ಬಿಚ್ಚಿಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಸಿದ್ಧವಾಗಿ ನಿಂತಿದ್ದರು. ಗಾಳಿ ಪಶ್ಚಿಮದಿಂದ ನೇರವಾಗಿ ನಮ್ಮ ಮುಖಕ್ಕೆ ಬೀಸುತ್ತಿತ್ತು, ಅವರು ಕೇಳಿದಂಥದ್ದೇ.

ಫೋಟೊ ತೆಗೆಸಿಕೊಳ್ಳುವುದು ಮುಗಿಯುವ ಮೊದಲೇ ಹಾಸಿಗೆ ತೇಲಲು ಶುರುವಾಯಿತು. ದೋಣಿ ಎಡಕ್ಕೆ ವಾಲಿ, ಕೆಸರಿನಲ್ಲಿ ಎಮ್ಮೆ ಕೂತಂತೆ ಕೂತುಕೊಂಡಿತು. ನನ್ನನ್ನು ಇಬ್ಬರು ಹೊತ್ತು ದಡಕ್ಕೆ ತಂದರು. ದೋಣಿಯನ್ನು ಜೆಸಿಬಿ ಎಳೆದು ತಂದಿತು. "ನಳ ಸೋರೋದು ಇದಕಿಂತ ಬೇಷಿತ್ತು" ಎಂದಳು ಹೆಂಡತಿ. ಜನ ಇಡೀ ದಿನ ನಕ್ಕರು, ನಕ್ಕಿದ್ದು ನ್ಯಾಯವೇ. ದಾದಾ ಪ್ಯಾಂಟನ್ನು ಕೆಳಗಿಳಿಸಿ, ಚಪ್ಪಲಿ ಮೆಟ್ಟಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅವರು ನೀರಿಗೆ ಕಾಲು ಕೂಡ ಇಟ್ಟಿರಲಿಲ್ಲ.

ಕ್ಯಾಪ್ಟನ್ ಹೋಗಿ ಮತ್ತೆ ಮನುಷ್ಯನಾಗಲು ನನಗೆ ವರ್ಷವೇ ಹಿಡಿಯಿತು. ಬಿಳಿ ದೋಣಿ ನಮ್ಮ ಮನೆಯ ಹಿತ್ತಲಿನಲ್ಲಿ ನಿಂತಿದೆ, ಅದರ ಕನ್ನಡಿ ಹೆಂಡತಿಗೆ ಉಪಯೋಗವಾಗಿದೆ. ಮುಂದಿನ ಆಷಾಢದ ಗಾಳಿ ಎದ್ದಾಗ ತಡೆಯಲಾಗಲಿಲ್ಲ. ದಾದಾ ಅವರ ಮನೆಗೆ ಹೋಗಿ, "ತಪ್ಪಾತು ದಾದಾ. ನಡೀರಿ, ಹಸಿರು ದೋಣಿ ತರೋಣ. ಚುಕ್ಕಾಣಿ ನಿಮ್ಮದ" ಎಂದೆ. ಹಿಂದಿನ ವರ್ಷದ ಬಿಳಿ ಅಂಗಿಯನ್ನೇ ತೊಟ್ಟು ಬಂದರು. ಬಸ್ಸಿನಲ್ಲಿ ಕಿಟಕಿಯಾಚೆ ಕೈ ಚಾಚಿ ಗಾಳಿ ಎತ್ತಲಿಂದ ಬರುತ್ತಿದೆ ಎಂದು ನೋಡುತ್ತಲೇ ಇದ್ದರು.

ಮಸ್ಕಿಯಲ್ಲಿ ಧಾಬಾದ ಮುಂದೆ ದೋಣಿ ಇರಲಿಲ್ಲ. ಯಾರೂ ಕೊಳ್ಳದ್ದರಿಂದ ಗುತ್ತಿಗೆದಾರ ಅದನ್ನು ಧಾಬಾದವನಿಗೇ ಬಿಟ್ಟುಕೊಟ್ಟಿದ್ದ. ಧಾಬಾದವನು ಅದನ್ನು ನಡುವೆ ಕೊಯ್ಯಿಸಿದ್ದ. ಹಿಂದಿನ ಅರ್ಧ ಒಲೆಗಳ ಮೇಲೆ ಚಾವಣಿಯಾಗಿತ್ತು. ಮುಂದಿನ ಅರ್ಧಕ್ಕೆ ಇಟ್ಟಿಗೆ ಕಟ್ಟಿ, ಸಿಮೆಂಟು ಬಳಿದು, ಎಮ್ಮೆಗಳಿಗೆ ನೀರು ಕುಡಿಸುವ ತೊಟ್ಟಿ ಮಾಡಿದ್ದ. ಅವನಿಗೆ ಬಹಳ ಹೆಮ್ಮೆ. "ವರ್ಷ ಆತ್ರಿ, ಒಂದ ಹನಿ ಸೋರಿಲ್ಲ. ಏನ್ ಮಾಲ್ ಅಂತೀರಿ" ಎಂದ.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ದಾದಾ ಜೇಬಿನಿಂದ ನಾಣ್ಯ ತೆಗೆದು ತೊಟ್ಟಿಯ ಅಂಚಿಗೆ ಒಂದು ಸಲ ಬಡಿದರು. ಅದು ಆಗಿನಂತೆಯೇ ಠಣ್ ಎಂದಿತು. ಆಮೇಲೆ ಅಂಗಿಯ ತೋಳು ಮೇಲೆ ಸರಿಸಿ, ಕೈಯನ್ನು ಮಣಿಕಟ್ಟಿನವರೆಗೆ ನೀರಿನಲ್ಲಿ ಮುಳುಗಿಸಿ, ಎಮ್ಮೆ ಕುಡಿದು ಮುಗಿಸುವವರೆಗೂ ಹಾಗೇ ಇಟ್ಟುಕೊಂಡಿದ್ದರು. ಗಾಳಿ ಜೋರಾಗಿತ್ತು, ಪಶ್ಚಿಮದ್ದೇ.

"ದೋಣಿ ಗಾಳಿ ಬೀಸಿದ ಕಡೀಗೇ ಹೋಗ್ತೈತಿ ಅಂತ ನೀವು ಪಾಠದಾಗ ಹೇಳಿದ್ದ ಖರೆ ಇರ್ಲಿ ಬಿಡ್ರಿ ಸರ್," ಎಂದರು ಕೈ ಒರೆಸಿಕೊಳ್ಳುತ್ತಾ. ಆಮೇಲೆ ಎರಡು ಚಹಾ ಹೇಳಿದರು, ದುಡ್ಡನ್ನೂ ಅವರೇ ಕೊಟ್ಟರು. ಧಾಬಾದವನ ಮುಂದೆ ಇಟ್ಟ ಚಿಲ್ಲರೆಯಲ್ಲಿ ಆ ಐದು ರೂಪಾಯಿಯ ನಾಣ್ಯವೂ ಇತ್ತು.