ಮುನಿಕೃಷ್ಣ ಮೇಷ್ಟ್ರ ಪೀರಿಯಡ್ಡು

ನಮ್ಮ ಶಾಲೆಯಲ್ಲಿ ಬೆಂಚು ಹೊರಬೇಕಾದರೆ ಮುನಿಕೃಷ್ಣ ಮೇಷ್ಟ್ರನ್ನು ಕರೆಯುತ್ತಾರೆ. ಬಿಸಿಯೂಟದ ಮೊಟ್ಟೆ ಎಣಿಸಬೇಕಾದರೆ ಅವರನ್ನೇ ಕರೆಯುತ್ತಾರೆ. ಯಾರಾದರೂ ದೊಡ್ಡವರು ಬರುತ್ತಾರೆ ಎಂದರೆ ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ ಚಪ್ಪಾಳೆ ಹೊಡೆಸುವವರು ಅವರು, ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುವವರು ಅವರು, ಬೋರ್‌ವೆಲ್ ಮೋಟಾರು ಸುಟ್ಟರೆ ರಿಪೇರಿಯವನನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುವವರೂ ಅವರೇ. ಆಟ ಆಡಿಸಲು ಮಾತ್ರ ಯಾರೂ ಕರೆಯುವುದಿಲ್ಲ. ದೈಹಿಕ ಶಿಕ್ಷಣ ಶಿಕ್ಷಕ ಎಂದು ಸರ್ಕಾರ ಆದೇಶ ಕೊಟ್ಟು ಕಳಿಸಿದ ಮನುಷ್ಯನನ್ನು ನಾವು ಹತ್ತೊಂಬತ್ತು ವರ್ಷ ಕೈಯಾಳು ಮಾಡಿಕೊಂಡೆವು. ನಾವು ಎಂದರೆ ನಾನೂ ಸೇರಿ. ನಾನು ಅದೇ ಶಾಲೆಯ ಗಣಿತದ ಟೀಚರ್, ಗಂಗಲಕ್ಷ್ಮಿ. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ತಣ್ಣಗಾದ ಮೇಲೆ ಬರೆದರೆ ನನ್ನನ್ನು ನಾನು ಉಳಿಸಿಕೊಂಡುಬಿಡುತ್ತೇನೆ.

ಶಾಲೆ ಇರುವುದು ಕೋಡಿಹಳ್ಳಿಯಿಂದ ಒಳಕ್ಕೆ, ಹಿಪ್ಪುನೇರಳೆ ತೋಟಗಳ ನಡುವೆ. ಮೇಷ್ಟ್ರು ಮಾಗಡಿ ಕಡೆಯವರು. ಸಾವನದುರ್ಗದ ಬುಡದಲ್ಲಿ ಅವರ ತಾಯಿ ಬೆಟ್ಟಕ್ಕೆ ಬಂದವರಿಗೆ ಮಜ್ಜಿಗೆ, ಸೌತೆಕಾಯಿ ಮಾರುತ್ತಿದ್ದರಂತೆ. ತಾಯಿಗೆ ನೀರು ಹೊತ್ತು ಹೊತ್ತು ಮಗನ ತೊಡೆ ಗಟ್ಟಿಯಾಯಿತು. ಕಾಲೇಜಿಗೆ ಹೋದಾಗ ಕಬಡ್ಡಿಯಲ್ಲಿ ಅವರನ್ನು ಹಿಡಿದು ನಿಲ್ಲಿಸುವವರಿರಲಿಲ್ಲ. ಒಂದು ಪಂದ್ಯದಲ್ಲಿ ಎಡ ಮೊಣಕಾಲು ತಿರುಚಿತು. ಕೋಚು ಪಟ್ಟಿ ಸುತ್ತಿ, ಇನ್ನೊಂದು ಹಾಫ್ ಆಡು, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದ. ಆಡಿದರು, ಗೆದ್ದರು, ಅಲ್ಲಿಗೆ ಅವರ ಆಟ ಮುಗಿಯಿತು. ಇವತ್ತಿಗೂ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಾರೆ.

ಪ್ರತಿ ಸೋಮವಾರ ಬೆಳಿಗ್ಗೆ ಏಳಕ್ಕೇ ಬಂದು ಸುಣ್ಣದ ಪುಡಿಯಲ್ಲಿ ಕಬಡ್ಡಿ ಅಂಕಣ ಹಾಕುತ್ತಾರೆ. ಮೈ ಬಿಸಿಯಾಗುವ ತನಕ ಯಾರೂ ಗೆರೆಯೊಳಗೆ ಕಾಲಿಡುವಂತಿಲ್ಲ. ಎರಡು ಸುತ್ತು ನಿಧಾನ ಓಟ, ಆಮೇಲೆ ಕುತ್ತಿಗೆ, ಭುಜ, ಸೊಂಟ, ಮಂಡಿ, ಹಿಮ್ಮಡಿ, ಒಂದೂ ಬಿಡುವಂತಿಲ್ಲ. ಆಟ ಮುಗಿದ ಮೇಲೂ ಹಾಗೇ ಕೂರುವಂತಿಲ್ಲ, ಉಸಿರು ಹದಕ್ಕೆ ಬರುವವರೆಗೆ ನಡೆಯಬೇಕು.

“ಬಾಲ್ಕ್ ಲೈನ್ ದಾಟ್ದೆ ವಾಪಸ್ ಬಂದ್ರೆ ಔಟು ಕಣ್ರಮ್ಮಿ,” ಎನ್ನುತ್ತಿದ್ದರು, ಎದುರು ಅಂಕಣದ ಮೊದಲ ಗೆರೆಯನ್ನು ಕಾಲಲ್ಲಿ ತೋರಿಸುತ್ತ. “ಮೂವತ್ತು ಸೆಕೆಂಡ್ ಐತೆ, ಆತ್ರ ಬ್ಯಾಡ. ಆರು ಜನ ಇದ್ರೆ ಮಾತ್ರ ಬೋನಸ್ ಗೆರೆ ನೋಡಿ. ಕಬಡ್ಡಿ ಅನ್ನೋದು ಮಧ್ಯ ನಿಂತ್ರೆ ನಿಮ್ ಆಟನೂ ನಿಂತಂಗೆ.”

ಇದನ್ನೆಲ್ಲ ಅವರು ಶಾಲೆ ಶುರುವಾಗುವ ಮೊದಲೇ ಮಾಡಬೇಕಿತ್ತು. ಯಾಕೆಂದರೆ ಮಂಗಳವಾರದ ಕೊನೆಯ ಪೀರಿಯಡ್ಡು, ಹತ್ತನೇ ತರಗತಿಗೆ ವಾರಕ್ಕೊಂದೇ ಉಳಿದಿದ್ದ ಆಟದ ಪೀರಿಯಡ್ಡು, ಹತ್ತು ವರ್ಷದಿಂದ ನನ್ನ ಹತ್ತಿರ ಇತ್ತು. ಹೆಡ್ಮಾಸ್ಟರ್ ಬೋರಲಿಂಗಯ್ಯನವರಿಗೆ ರಿಸಲ್ಟಿನ ಚಿಂತೆ, ನನಗೆ ಸಿಲಬಸ್ಸಿನದು. ಸೀಮೆಸುಣ್ಣ ಹಿಡಿದು ನೆಟ್ಟಗೆ ಒಳಗೆ ಹೋಗಿಬಿಡುತ್ತಿದ್ದೆ. ಮಕ್ಕಳು ಕಿಟಕಿಯಾಚೆ ನೋಡುತ್ತಿದ್ದರು, ನಾನು ಡಸ್ಟರಿನಲ್ಲಿ ಮೇಜು ಕುಟ್ಟುತ್ತಿದ್ದೆ. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಒಂದೇ ಒಂದು ಸಲ ಮೇಷ್ಟ್ರು ಬಾಗಿಲಲ್ಲಿ ನಿಂತು ಹೇಳಿದ್ದರು:

“ಮಿಸ್, ಈ ಪೀರಿಯಡ್ಡು ನಂದಲ್ಲ, ಮಕ್ಳುದು. ನಂದಾಗಿದ್ರೆ ಸಂತೋಷವಾಗಿ ಕೊಟ್ಬುಡ್ತಿದ್ದೆ.”

ನಾನು ನಕ್ಕು ಬಾಗಿಲು ಮುಂದಕ್ಕೆ ಹಾಕಿದೆ. ಅವತ್ತು ಧನ ಸಂಖ್ಯೆ, ಋಣ ಸಂಖ್ಯೆ ಮತ್ತೆ ತಿದ್ದಿಸುತ್ತಿದ್ದೆ. ಹತ್ತನೇ ತರಗತಿಗೆ ಬಂದರೂ ಮೈನಸ್ ಗುರುತು ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅರ್ಧ ಅಂಕ ಕಳೆದು ಐವತ್ತು ಸಲ ಬರೆಸುತ್ತೇನೆ.

ಈ ವರ್ಷ ತಂಡದಲ್ಲಿ ರಮ್ಯಾ ಇದ್ದಳು. ರೇಷ್ಮೆ ಬೆಳೆಯುವ ರಾಮಲಿಂಗಯ್ಯನವರ ಮೊಮ್ಮಗಳು, ಹತ್ತನೇ ತರಗತಿ. ಎದುರಿನ ಏಳು ಜನರ ನಡುವೆ ನುಗ್ಗಿ ಒಬ್ಬಳನ್ನಾದರೂ ಮುಟ್ಟದೆ ಬರುತ್ತಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೇಷ್ಟ್ರ ಯಾವ ತಂಡವೂ ತಾಲ್ಲೂಕು ದಾಟಿರಲಿಲ್ಲ, ಈ ತಂಡ ದಾಟುತ್ತದೆ ಎಂದು ಊರೇ ಹೇಳುತ್ತಿತ್ತು. ಕನಕಪುರದಲ್ಲಿ ಗೆದ್ದರೆ ರಾಮನಗರ, ಜಿಲ್ಲಾ ಮಟ್ಟ. ಮುಂದಿನ ವರ್ಷಕ್ಕೆ ರಮ್ಯಾಳ ವಯಸ್ಸು ಮೀರುತ್ತಿತ್ತು. ಅವಳಿಗಿದ್ದದ್ದು ಇದೊಂದೇ ಸಲ.

ಕಬಡ್ಡಿಗೆ ತೂಕದ ಮಿತಿ ಇದೆ. ಹುಡುಗಿಯರು ಐವತ್ತೈದು ಕೆಜಿ ದಾಟಬಾರದು ಎಂದು ಸುತ್ತೋಲೆ ಬಂದಿತ್ತು. ಶಾಲೆಯ ತೂಕದ ಯಂತ್ರ ಕೆಟ್ಟು ನಾಲ್ಕು ವರ್ಷವಾಗಿತ್ತು. ಮೇಷ್ಟ್ರು ಆರು ಅರ್ಜಿ ಬರೆದರು. ಅದಕ್ಕೆ ದುಡ್ಡಿಲ್ಲ ಎಂದರು ಹೆಡ್ಮಾಸ್ಟರ್. ಅದೇ ವರ್ಷ ಶಾಲೆಯ ಗೇಟಿಗೆ ಬಣ್ಣದ ಕಮಾನು ಎದ್ದಿತು, ದಾನಿಗಳ ಹೆಸರು ಚಿನ್ನದ ಬಣ್ಣದಲ್ಲಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಹಾಗಾಗಿ ಮೇಷ್ಟ್ರು ಹುಡುಗಿಯರನ್ನು ರಾಮಲಿಂಗಯ್ಯನವರ ಮನೆಗೆ ಕರೆದುಕೊಂಡು ಹೋದರು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಡುವ ಮುನ್ನ ಮನೆಯಲ್ಲೇ ಒಮ್ಮೆ ತೂಗಿ ನೋಡಲು ಅವರ ಹತ್ತಿರ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಹುಡುಗಿಯರ ತೂಕ ಬರೆದುಕೊಳ್ಳಲು ನಾನೂ ಹೋದೆ. ರಾಮಲಿಂಗಯ್ಯ ತೋಟದಲ್ಲಿದ್ದರು. ಅವರ ಹೆಂಡತಿ ಕೆಂಚಮ್ಮ ಹುಳುಮನೆಯ ಬಾಗಿಲು ತೆಗೆದು, “ಅದೇನ್ ಗುಂಡಿ ಒತ್ತಾರೋ ನಂಗೊತ್ತಿಲ್ಲ ಕಣವ್ವ, ನೀವೇ ನೋಡ್ಕಳಿ,” ಎಂದು ಒಳಗೆ ಹೋದರು.

ತಕ್ಕಡಿಯ ಮೇಲೆ ಏನೂ ಇರಲಿಲ್ಲ. ಆದರೂ ಮಾಸಿದ ಪರದೆಯಲ್ಲಿ ಒಂದು ಪಾಯಿಂಟ್ ಎಂಟು ಎಂದು ಕಾಣುತ್ತಿತ್ತು. ರಮ್ಯಾ ಹತ್ತಿ ನಿಂತಳು. ಐವತ್ತನಾಲ್ಕು ಪಾಯಿಂಟ್ ಎರಡು.

“ಸಾರ್, ಖಾಲಿ ಇದ್ದಾಗಲೇ ಹತ್ತಿರತ್ತಿರ ಎರಡು ಕೆಜಿ ಜಾಸ್ತಿ ತೋರಿಸ್ತಿದೆ,” ಎಂದೆ, ದೊಡ್ಡ ಬುದ್ಧಿವಂತೆಯ ಹಾಗೆ. “ಅದನ್ನ ಕಳೆದರೆ ಇವಳು ಐವತ್ತೆರಡೂವರೆ ಒಳಗೇ ಇದ್ದಾಳೆ. ಯೋಚನೆ ಇಲ್ಲ.”

“ಗಣಿತದೋರೇ ಹೇಳಿದ್ಮೇಲೆ ಮುಗೀತು,” ಎಂದರು ಮೇಷ್ಟ್ರು. ರಮ್ಯಾಳ ಕಡೆ ತಿರುಗಿ, “ನೆಮ್ಮದಿಯಾಗಿ ಮುದ್ದೆ ಉಣ್ಣಮ್ಮಿ,” ಎಂದರು.

ಕನಕಪುರದ ಮೈದಾನದಲ್ಲಿ ತೂಕ ನೋಡುತ್ತಿದ್ದವರು ಇನ್ನೊಂದು ಶಾಲೆಯ ದೈಹಿಕ ಶಿಕ್ಷಕರು, ಜಯಕುಮಾರ್. ರಮ್ಯಾ ಹತ್ತಿದಳು. ಐವತ್ತಾರು. ಇಳಿಸಿ ಮತ್ತೆ ಹತ್ತಿಸಿದರು. ಐವತ್ತಾರು. ನಾನು ಇವರ ಯಂತ್ರವೇ ಸರಿಯಿಲ್ಲ ಎಂದು ಜಗಳಕ್ಕೆ ನಿಂತೆ. ಮೊಮ್ಮಗಳ ಆಟ ನೋಡಲು ಬಸ್ಸು ಹತ್ತಿ ಬಂದಿದ್ದ ರಾಮಲಿಂಗಯ್ಯ ಪಕ್ಕದಲ್ಲೇ ಇದ್ದರು. ಅವರು ಮೆಲ್ಲಗೆ ಕೇಳಿದರು:

“ನಮ್ ತಕ್ಕಡೀಲಿ ತೂಗುದ್ರಾ ಮಿಸ್? ಗೂಡು ತುಂಬೋ ಕ್ರೇಟ್ ಇಟ್ಟು ಸೊನ್ನೆ ಮಾಡಿರ್ತೀನಿ ನಾನು. ಕ್ರೇಟ್ ತೆಗುದ್ರೆ ಅದ್ರುದ್ದು ತೂಕ ಮೈನಸ್ಸಲ್ಲಿ ತೋರ್ಸ್ತದೆ. ಒಂದು ಅಡ್ಡಗೀಟು ಬತ್ತದಲ್ಲ, ನೋಡ್ನಿಲ್ವಾ?”

ನೋಡಿದ್ದೆ. ಸಂಖ್ಯೆಯ ಎಡಗಡೆ ಒಂದು ಚಿಕ್ಕ ಗೆರೆ ಇತ್ತು. ಪರದೆ ಗೀರಾಗಿದೆ ಎಂದುಕೊಂಡಿದ್ದೆ. ಕೂಡಬೇಕಾದದ್ದನ್ನು ಕಳೆದಿದ್ದೆ.

“ಒಂದ್ ಕೆಜಿ ತಾನೇ,” ಎಂದರು ಜಯಕುಮಾರ್. “ಹುಡುಗ್ರು ಪಂದ್ಯ ಮುಗಿಯೋಗಂಟ ಟೈಮ್ ಐತೆ. ಸ್ವೆಟರ್ ಹಾಕ್ಸಿ ಓಡ್ಸಿ, ನೀರ್ ಕೊಡ್ಬ್ಯಾಡಿ. ಎಲ್ಲಾರೂ ಮಾಡದೇ ಅದು.”

ಎಲ್ಲರೂ ಮಾಡುತ್ತಿದ್ದರು, ನಿಜ. ಉರಿಬಿಸಿಲಲ್ಲಿ ಬೇರೆ ಶಾಲೆಯ ಹುಡುಗಿಯೊಬ್ಬಳು ಅಣ್ಣನ ಜರ್ಕಿನ್ ತೊಟ್ಟು ಓಡುತ್ತಿದ್ದಳು. ತುಟಿ ಬಿಳಿಚಿತ್ತು. ಅವಳ ಮೇಷ್ಟ್ರು ನೆರಳಲ್ಲಿ ಕೂತು ಎಳನೀರು ಕುಡಿಯುತ್ತಿದ್ದರು. ಮಕ್ಕಳ ಆರೋಗ್ಯಕ್ಕೆಂದು ಇಟ್ಟ ಆಟವಂತೆ ಇದು.

“ಇಲ್ಲ,” ಎಂದರು ಮುನಿಕೃಷ್ಣ ಮೇಷ್ಟ್ರು. “ಪಟ್ಟಿಯಿಂದ ಹೆಸ್ರು ತೆಗೀರಿ.”

“ಸಾ, ನಾ ಓಡ್ತೀನಿ ಸಾ. ನಂಗೆ ಮುಂದಿನ್ ವರ್ಷ ಇಲ್ಲ,” ಎಂದು ರಮ್ಯಾ ಅವರ ತೋಳು ಹಿಡಿದಳು.

“ನಿನ್ ತೂಕದಲ್ಲಿ ತಪ್ಪಿಲ್ಲ ಕಣಮ್ಮಿ. ತೂಗಿದ್ರಲ್ಲಿ ತಪ್ಪೈತೆ. ಅದ್ಕೆ ನಿನ್ ರಕ್ತ ಯಾಕ್ ಒಣುಗ್ಬೇಕು?”

ಅವರು ಉಳಿದ ಹುಡುಗಿಯರಿಗೆ ಜಾಗ ಹೇಳಿಕೊಡಲು ಹೋದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನನ್ನ ತಪ್ಪು ಅಳಿಸಿಹೋಗಬೇಕಿತ್ತು, ಅಷ್ಟೇ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಅವತ್ತು ನನಗೆ ಬೇಕಿದ್ದದ್ದು ರಮ್ಯಾಳ ಆಟವಲ್ಲ, ನನ್ನ ಮಾನ. ಓಟ ಮುಗಿಸಿದ ಆ ಹುಡುಗಿಯ ಜರ್ಕಿನ್ ಕೇಳಿ ತಂದೆ. ವೇದಿಕೆಯ ಹಿಂದೆ ರಮ್ಯಾಳಿಗೆ ಅದನ್ನು ತೊಡಿಸಿ, ಜಿಪ್ಪು ಕತ್ತಿನವರೆಗೂ ಎಳೆದೆ.

“ಓಡು. ಸಾರ್‌ಗೆ ನಾನು ಹೇಳ್ತೀನಿ. ನಿನ್ನ ಒಳ್ಳೆಯದಕ್ಕೇ.”

ಓಡಿದಳು. ಹತ್ತು ಸುತ್ತು ಎಣಿಸಿದೆ, ಲೆಕ್ಕ ನನ್ನ ಕಸುಬಲ್ಲವೇ. ಹನ್ನೊಂದನೆಯದರಲ್ಲಿ ಗೋಲ್ ಕಂಬದ ಹತ್ತಿರ ಅವಳ ಕಾಲು ಒಂದರ ಮೇಲೊಂದು ಬಿತ್ತು. ಮಂಡಿಯೂರಿದಳು, ಹಾಗೇ ಮುಂದಕ್ಕೆ ಬಿದ್ದಳು.

ಮೇಷ್ಟ್ರು ಆ ಕೆಟ್ಟ ಮೊಣಕಾಲಿನಲ್ಲಿ ಮೈದಾನದ ಆ ಕಡೆಯಿಂದ ಓಡಿ ಬಂದರು. ಅವರು ಓಡಿದ್ದನ್ನು ಹತ್ತೊಂಬತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. ಜರ್ಕಿನ್ ಬಿಚ್ಚಿ ಎಸೆದರು, ನೆರಳಿಗೆ ಎತ್ತಿ ತಂದು ಮಲಗಿಸಿದರು, ತಲೆಗೆ ನೀರು ಹೊಯ್ದರು. ಕಣ್ಣು ಬಿಟ್ಟ ಮೇಲೆ ಬಾಟಲಿಗೆ ಉಪ್ಪು, ಸಕ್ಕರೆ ಹಾಕಿ ಅಲ್ಲಾಡಿಸಿ ಬಾಯಿಗಿಟ್ಟರು. ಅವಳು ಹಲ್ಲು ಕಚ್ಚಿಕೊಂಡಳು.

“ಬ್ಯಾಡ ಸಾ. ಕುಡುದ್ರೆ ಮತ್ತೆ ಜಾಸ್ತಿ ಆಯ್ತದೆ.”

“ಆಗ್ಲಿ ಬುಡು. ಒಸಿ ಒಸಿ ಕುಡಿ.”

ಕುಡಿದಳು. ಕುಡಿಯುತ್ತ ಅತ್ತಳು. ಪ್ರತಿ ಗುಟುಕಿಗೂ ಅವಳ ಆಟ ದೂರ ಹೋಗುತ್ತಿತ್ತು, ಅದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಾಟಲಿ ಖಾಲಿಯಾದ ಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿದರು.

“ಗೀಟು ಕಾಣ್ದೆ ಹೋಗಿದ್ದು ಕಣ್ತಪ್ಪು ಮಿಸ್. ಯಾರ್ಗಾದ್ರೂ ಆಯ್ತದೆ. ನಂಗೂ ಕಾಣ್ನಿಲ್ಲ. ಓಡ್ಸಿದ್ದು ಕಣ್ತಪ್ಪಲ್ಲ. ನನ್ ಮೊಣಕಾಲ್ ತಿಂದೋನೂ ಒಳ್ಳೇದಕ್ಕೇ ಅಂದಿದ್ದ.”

ನಾನು ನೆಲಕ್ಕೆ ಬಿದ್ದಿದ್ದ ಜರ್ಕಿನ್ ಎತ್ತಿ ಆ ಹುಡುಗಿಗೆ ವಾಪಸ್ ಕೊಟ್ಟು ಬಂದೆ. ನಮ್ಮ ತಂಡ ಮೂರು ಅಂಕದಿಂದ ಸೋತಿತು. ಐವತ್ತೈದರ ಗಡಿಗೆ ಒಣಗಿಸಿ ತಂದ ಹುಡುಗಿಯರು ರಾಮನಗರಕ್ಕೆ ಹೋದರು.

ಸೋಮವಾರವೇ ಬೋರಲಿಂಗಯ್ಯನವರು ಕರೆದರು. “ಆಟ-ಗೀಟ ಮುಗೀತಲ್ಲ ಮೇಡಂ. ಮಂಗಳವಾರದ್ದು ಪರೀಕ್ಷೆಗಂಟ ನೀವೇ ತಗಳಿ.” ಮುನಿಕೃಷ್ಣ ಮೇಷ್ಟ್ರಿಗೆ ಮೊಟ್ಟೆಯ ರಿಜಿಸ್ಟರ್ ಬಾಕಿ ಇದೆ ಎಂದೂ ಸೇರಿಸಿದರು.

“ತಗೊಳಲ್ಲ ಸಾರ್.”

“ರಿಸಲ್ಟ್ ಬಿದ್ರೆ?”

“ಬಿದ್ದರೆ ನನ್ನ ಪೀರಿಯಡ್ಡಲ್ಲಿ ನಾನು ಸರಿಯಾಗಿ ಪಾಠ ಮಾಡಿಲ್ಲ ಅಂತ. ಅವರ ಪೀರಿಯಡ್ಡಿಗೂ ಅದಕ್ಕೂ ಏನು ಸಂಬಂಧ?” ಎಂದೆ. ನನ್ನ ದನಿ ವರಾಂಡದವರೆಗೂ ಕೇಳಿತಂತೆ. ಕೇಳಲಿ. ಹತ್ತು ವರ್ಷ ಮೊದಲೇ ಕೇಳಬೇಕಿತ್ತು.

ಮಂಗಳವಾರ ಕೊನೆಯ ಗಂಟೆ ಹೊಡೆಯಿತು. ಹತ್ತನೇ ತರಗತಿಗೆ ಹೋಗಿ, ಎಲ್ಲರೂ ಮೈದಾನಕ್ಕೆ ನಡೆಯಿರಿ ಎಂದೆ. ಅವರು ನಂಬಲಿಲ್ಲ, ಎರಡನೇ ಸಲ ಹೇಳಬೇಕಾಯಿತು. ಆಮೇಲೆ ಬಾಗಿಲಲ್ಲಿ ನೂಕುನುಗ್ಗಲು. ರಮ್ಯಾ ಮಾತ್ರ ಕೂತೇ ಇದ್ದಳು. ಗಣಿತದ ನೋಟ್‌ಬುಕ್ ತೆರೆದಿತ್ತು. ಬಗ್ಗಿ ನೋಡಿದೆ. ಮೈನಸ್ ಗುರುತುಗಳನ್ನೆಲ್ಲ ಪೆನ್ನು ಒತ್ತಿ ಒತ್ತಿ ದಪ್ಪಗೆ ಎಳೆದಿದ್ದಳು. ಒಂದೂ ತಪ್ಪಿರಲಿಲ್ಲ.

“ಹೋಗಲ್ವೇನೇ?” ಎಂದೆ.

“ಇನ್ನೇನ್ ಐತೆ ಮಿಸ್ ಅಲ್ಲಿ.”

ಕಿಟಕಿಯ ಹೊರಗೆ ಮುನಿಕೃಷ್ಣ ಮೇಷ್ಟ್ರು ಬಂದು ನಿಂತರು. ಅಂಗೈಗೆಲ್ಲ ಸುಣ್ಣದ ಪುಡಿ. ನನ್ನನ್ನು ನೋಡಲಿಲ್ಲ.

“ಬಾಮ್ಮಿ, ಎದ್ದು ಬಾ,” ಎಂದರು. “ಜಿಲ್ಲೆಗೆ ಹೋಗಕ್ಕೇ ಅಂತ ನಾನೇನ್ ಆಟ ಹೇಳ್ಕೊಟ್ಟಿದ್ನಾ ನಿಂಗೆ? ಬಾ, ಕಾಲ್ ಬಿಸಿ ಮಾಡ್ಕೋ.”

ರಮ್ಯಾ ಪುಸ್ತಕ ಮುಚ್ಚಿದಳು. ಎದ್ದಳು, ಬಾಗಿಲ ತನಕ ಹೋದಳು, ಅಲ್ಲಿ ನಿಂತು ನನ್ನ ಕಡೆ ತಿರುಗಿದಳು.

“ಮಿಸ್, ಹೋಗ್ಲಾ?” ಎಂದಳು.

ಅದು ಅವಳದೇ ಪೀರಿಯಡ್ಡು. ಅದನ್ನು ಕದ್ದವಳ ಹತ್ತಿರ ಅವಳು ಅಪ್ಪಣೆ ಕೇಳುತ್ತಿದ್ದಳು.